ಮೂವರು ಗೆಳೆಯರು, ಒಂದು ಪೆಟ್ರೋಲ್ ಬಂಕು

(ಗಿರಣಿ ಕಾರ್ಮಿಕರ ವಾಚನಾಲಯದ ವಾರದ ಸಭೆಯಲ್ಲಿ ಮಾಡಿದ ಭಾಷಣ)



ಬೋನಸ್ಸು, ತುಟ್ಟಿಭತ್ಯ, ತೆರಿಗೆಗಳ ಮಾತಾಡಬೇಕಾದ ಸಭೆಯಲ್ಲಿ ಸಿನೀಮಾದ ಮಾತೇಕೆ ಎಂದು ಕೆಲವರು ಕೇಳಬಹುದು. ಪಾಳಿ ಮುಗಿಸಿ ಗೇಟಿನ ಹೊರಗೆ ಬಂದ ದುಡಿಮೆಗಾರನಿಗೆ ಅನ್ನದಷ್ಟೇ ನಗುವೂ ಬೇಕು. ಆ ನಗುವನ್ನು ಮಾರುವವರು ಯಾರು, ಅದರ ಲಾಭ ಯಾರ ಗಲ್ಲಾಪೆಟ್ಟಿಗೆ ಸೇರುತ್ತದೆ ಎಂಬುದು ರಾಜಕಾರಣದ ಪ್ರಶ್ನೆಯೇ. ಆದ್ದರಿಂದ ಈ ಹೊತ್ತು ಜರ್ಮನಿಯ ಒಂದು ಹಳೆಯ ಹಾಡಿನ ಚಿತ್ರದ ಕಥೆ ಹೇಳುತ್ತೇನೆ. ಅದರ ಹೆಸರು ‘ಪೆಟ್ರೋಲ್ ಬಂಕಿನ ಮೂವರು’ ಎಂದಾಗುತ್ತದೆ. ತೆರೆಗೆ ಬಂದದ್ದು 1930ರಲ್ಲಿ. ನಮ್ಮಲ್ಲಿ ‘ಆಲಂ ಆರಾ’ ಮಾತಾಡಿದ್ದು 1931ರಲ್ಲಿ, ಕನ್ನಡದ ‘ಸತಿ ಸುಲೋಚನ’ 1934ರಲ್ಲಿ. ಅಂದರೆ ಸಿನೀಮಾ ಆಗಷ್ಟೇ ಬಾಯಿ ಬಿಡಲು ಕಲಿತಿದ್ದ ಕಾಲ.

ಕಥೆ ಸರಳ. ವಿಲ್ಲಿ, ಕುರ್ಟ್, ಹಾನ್ಸ್ ಎಂಬ ಮೂವರು ಉಂಡಾಡಿ ಗೆಳೆಯರು ಪ್ರವಾಸ ಮುಗಿಸಿ ಕಾರಿನಲ್ಲಿ ಮನೆಗೆ ಬರುತ್ತಾರೆ. ಬಂದು ನೋಡಿದರೆ ಕೋರ್ಟಿನ ಅಮೀನ ಜಪ್ತಿಗೆ ನಿಂತಿದ್ದಾನೆ. ಇವರ ಹಣವೆಲ್ಲ ಮುಳುಗಿ ದಿವಾಳಿ ಎದ್ದಿದೆ. ಅಮೀನನನ್ನು ನಮ್ಮ ಅಂಗಡಿಕಾರರು ಬಲ್ಲರು. ಅವನ ಮುಂದೆ ಯಾರಿಗೂ ಹಾಡು ಬರುವುದಿಲ್ಲ. ಇವರೋ ಅವನ ಸುತ್ತ ಹಾಡುತ್ತಾ ಕುಣಿಯುತ್ತಾರೆ. ಮೇಜು ಕುರ್ಚಿ ಹೊತ್ತೊಯ್ಯುವ ಆಳುಗಳೂ ತಾಳಕ್ಕೆ ತಕ್ಕಂತೆ ಹೆಜ್ಜೆ ಹಾಕುತ್ತಾರೆ! ಜಪ್ತಿ ಮಾಲಿಗೆ ಅಂಟಿಸುವ ಹದ್ದಿನ ಮುದ್ರೆಯನ್ನು ಜರ್ಮನಿಯ ಜನ ಕುಚೋದ್ಯಕ್ಕೆ ‘ಕೋಗಿಲೆ’ ಎನ್ನುತ್ತಾರೆ. ಉಳಿದದ್ದು ಕಾರು ಒಂದೇ. ದಾರಿಯಲ್ಲಿ ಅದರ ಪೆಟ್ರೋಲೂ ಮುಗಿಯುತ್ತದೆ. ಅದನ್ನು ಮಾರಿ, ನಿಂತ ಜಾಗದಲ್ಲೇ ಪೆಟ್ರೋಲ್ ಬಂಕು ಹಾಕಿ, ಅದಕ್ಕೆ ಆ ಕೋಗಿಲೆಯ ಹೆಸರನ್ನೇ ಇಡುತ್ತಾರೆ.

ಆಮೇಲೆ ಮೂವರೂ ಪಾಳಿಯಂತೆ ದುಡಿಯುತ್ತಾರೆ. ಒಬ್ಬ ಸಾಹುಕಾರನ ಮಗಳು ಲಿಲಿಯನ್ ಪೆಟ್ರೋಲಿಗೆ ಬರುತ್ತಾಳೆ. ಒಬ್ಬೊಬ್ಬನ ಪಾಳಿಯಲ್ಲೂ ಬರುತ್ತಾಳೆ. ಒಬ್ಬನಿಗೆ ತಿಳಿಯದಂತೆ ಇನ್ನೊಬ್ಬ ಅವಳಿಗೆ ಮನಸೋಲುತ್ತಾನೆ. ಅವಳ ಮನಸ್ಸಿರುವುದು ವಿಲ್ಲಿಯ ಮೇಲೆ. ಗುಟ್ಟು ಬಯಲಾಗಿ ಗೆಳೆತನ ಮುರಿಯುತ್ತದೆ. ಕೊನೆಗೆ ಹುಡುಗಿಯ ಕಡೆಯವರು ವಕೀಲನನ್ನು ಹಿಡಿದು ಒಂದು ಷೇರು ಕಂಪನಿಯನ್ನೇ ಕಟ್ಟುತ್ತಾರೆ. ವಿಲ್ಲಿ ಡೈರೆಕ್ಟರಾಗುತ್ತಾನೆ, ಗೆಳೆಯರಿಗೂ ಕೆಲಸ ಸಿಗುತ್ತದೆ, ಮದುವೆಗೆ ಒಪ್ಪಿಗೆಯಾಗುತ್ತದೆ. ಗಂಡು ಹೆಣ್ಣು ಪರದೆಯ ಮುಂದೆ ಬಂದು ‘ಅರೆ, ಈ ಜನ ಇನ್ನೂ ಕೂತಿದ್ದಾರಲ್ಲ!’ ಎಂದು ಬೆರಗಾಗುತ್ತಾರೆ. ನಾಟಕದ ಕಂಪನಿಯವರ ಹಾಗೆ ಭರ್ಜರಿ ಮುಕ್ತಾಯದ ಕುಣಿತ ಆದಮೇಲೆಯೇ ಬಿಡುಗಡೆ.

ನಾಯಕಿ ಲಿಲಿಯನ್ ಹಾರ್ವೆ, ನಾಯಕ ವಿಲ್ಲಿ ಫ್ರಿಟ್ಷ್. ನಿರ್ದೇಶಕ ವಿಲ್ಹೆಲ್ಮ್ ಥೀಲೆ, ನಿರ್ಮಾಪಕ ಎರಿಕ್ ಪೊಮ್ಮರ್, ಸಂಗೀತ ವರ್ನರ್ ರಿಚರ್ಡ್ ಹೇಮಾನ್ ಅವರದು. ಒಂದು ಭಾಷೆಯ ಮಾತಿನ ಮೇಲೆ ಇನ್ನೊಂದನ್ನು ಕೂಡಿಸುವ ವಿದ್ಯೆ ಆಗಿನ್ನೂ ಪಳಗಿರಲಿಲ್ಲ. ಆದ್ದರಿಂದ ಇದೇ ಕಥೆಯನ್ನು ಬೇರೆ ನಾಯಕನನ್ನಿಟ್ಟು ಫ್ರೆಂಚಿನಲ್ಲೂ ಚಿತ್ರಿಸಿದರು. ನಾಯಕಿ ಮಾತ್ರ ಅದೇ ಹಾರ್ವೆ. ಜರ್ಮನಿಯಲ್ಲಿ ಜನ ಮುಗಿಬಿದ್ದು ನೋಡಿದರು.

ಈಗ ತಾರೀಖನ್ನು ಗಮನಿಸಿ. ಬರ್ಲಿನಿನಲ್ಲಿ ಮೊದಲ ಪ್ರದರ್ಶನ ನಡೆದದ್ದು 1930ರ ಸೆಪ್ಟೆಂಬರ್ 15ರಂದು. ಅದರ ಹಿಂದಿನ ದಿನವೇ ಜರ್ಮನಿಯ ಮಹಾಚುನಾವಣೆ. 12 ಸ್ಥಾನಗಳಿದ್ದ ಹಿಟ್ಲರನ ಪಕ್ಷ ಒಂದೇ ಏಟಿಗೆ 107ಕ್ಕೆ ಏರಿತು. ದೇಶದಲ್ಲಿ ಸುಮಾರು 30 ಲಕ್ಷ ಮಂದಿ ನಿರುದ್ಯೋಗಿಗಳು; 1932ರ ಆರಂಭಕ್ಕೆ ಅದು 60 ಲಕ್ಷ. ಅಂಥ ದಿನಗಳಲ್ಲಿ ದಿವಾಳಿಯನ್ನು ಹಾಡಿ ಕುಣಿದು ಗೆಲ್ಲಬಹುದೆಂದು ತೋರಿಸಿದ ಚಿತ್ರವಿದು. ಕೆಲಸ ಕಳಕೊಂಡವನಿಗೆ ಸಾಹುಕಾರನ ಮಗಳು ಸಿಕ್ಕಿದರೆ ಸಾಕು, ಸಂಘ ಬೇಡ, ಚಳವಳಿ ಬೇಡ!

ಚಿತ್ರ ತಯಾರಿಸಿದ ಉಫಾ ಕಂಪನಿಯ ಯಜಮಾನ ಯಾರು? ಆಲ್ಫ್ರೆಡ್ ಹೂಗೆನ್‌ಬರ್ಗ್. ಹಿಂದೆ ಕ್ರುಪ್ ಉಕ್ಕಿನ ಕಾರಖಾನೆಯ ಆಡಳಿತ ಮಂಡಳಿಯ ಅಧ್ಯಕ್ಷ, ಪತ್ರಿಕೆಗಳ ದೊಡ್ಡ ಒಡೆಯ. 1927ರಲ್ಲಿ ಉಫಾ ಕೊಂಡ, 1928ರಲ್ಲಿ ಬಲಪಂಥದ ರಾಷ್ಟ್ರೀಯ ಪಕ್ಷದ ನಾಯಕನಾದ, 1933ರ ಜನವರಿಯಲ್ಲಿ ಹಿಟ್ಲರನ ಮಂತ್ರಿಮಂಡಲದಲ್ಲಿ ಕೂತ. ಬಡವರ ನಾಲ್ಕು ಕಾಸಿನ ನಗುವಿನಿಂದ ತುಂಬಿದ ಗಲ್ಲಾ ಅವನದು.

ಹಾಗೆಂದು ಆ ಚಿತ್ರವನ್ನು ವಿಷವೆಂದು ಬೈಯುವುದು ತಪ್ಪು. ಅದನ್ನು ಕಟ್ಟಿದ ಕಲಾವಿದರೂ ದುಡಿಮೆಗಾರರೇ. ಅವರ ಗತಿ ಏನಾಯಿತು ಕೇಳಿ. ಥೀಲೆ, ಪೊಮ್ಮರ್, ಹೇಮಾನ್ ಮೂವರೂ ಯಹೂದ್ಯರು. 1933ರ ಮಾರ್ಚ್ 29ರಂದು ಉಫಾ ಆಡಳಿತ ಮಂಡಳಿ ಯಹೂದಿ ನೌಕರರನ್ನು ಹೊರಹಾಕಲು ತೀರ್ಮಾನಿಸಿತು. ಮೂವರೂ ದೇಶ ಬಿಟ್ಟರು. ಚಿತ್ರದಲ್ಲಿ ಹಾಡಿದ ‘ಕಾಮಿಡಿಯನ್ ಹಾರ್ಮನಿಸ್ಟ್ಸ್’ ಮೇಳದ ಆರು ಜನರಲ್ಲಿ ಮೂವರು ಯಹೂದ್ಯರು. 1935ರಲ್ಲಿ ಮೇಳವೇ ಒಡೆಯಿತು. ವಕೀಲನ ಪಾತ್ರದಲ್ಲಿ ನಗಿಸಿದ ಕುರ್ಟ್ ಗೆರಾನ್‌ನನ್ನು ಟೆರೆಜಿನ್ ಸೆರೆಶಿಬಿರಕ್ಕೆ ಹಾಕಿ, ‘ಇಲ್ಲಿ ಯಹೂದ್ಯರು ಸುಖವಾಗಿದ್ದಾರೆ’ ಎಂದು ಸುಳ್ಳು ಸಾರುವ ಚಿತ್ರವನ್ನು ಅವನ ಕೈಯಿಂದಲೇ ಮಾಡಿಸಿ, 1944ರಲ್ಲಿ ಆಶ್ವಿಟ್ಸಿನಲ್ಲಿ ಕೊಂದರು. ಹಿಟ್ಲರನ ಸರ್ಕಾರ ಆ ನಗೆಯ ಚಿತ್ರವನ್ನೂ 1937ರಲ್ಲಿ ನಿಷೇಧಿಸಿತು.

ಇನ್ನೊಂದು ಮಾತು ನಮ್ಮವರಿಗೇ ಹೇಳಬೇಕು. ಆ ಚುನಾವಣೆಯಲ್ಲಿ ಸೋಷಲ್ ಡೆಮಾಕ್ರಟರಿಗೆ 143, ಕಮ್ಯೂನಿಸ್ಟರಿಗೆ 77 ಸ್ಥಾನ ಬಂದಿದ್ದವು. ಕೂಡಿದರೆ 220, ಹಿಟ್ಲರನ ಎರಡರಷ್ಟು. ಆದರೆ ಅವರು ಕೂಡಲಿಲ್ಲ; ಒಬ್ಬರನ್ನೊಬ್ಬರು ಹಳಿಯುತ್ತಲೇ ಇಬ್ಬರೂ 1933ರಲ್ಲಿ ಜೈಲು ಸೇರಿದರು. ಚಿತ್ರದ ಹೆಸರುವಾಸಿಯಾದ ಹಾಡು ಗೆಳೆತನವನ್ನು ಕುರಿತದ್ದು. ಒಂದು ಹುಡುಗಿಗಾಗಿ ಮುರಿದ ಸ್ನೇಹವನ್ನು ಕಥೆಗಾರ ಒಂದೂವರೆ ಗಂಟೆಯಲ್ಲಿ ಬೆಸೆದ. ಕಾರ್ಮಿಕರ ಸ್ನೇಹವನ್ನು ಬೆಸೆಯಲು ಕಥೆಗಾರ ಬರುವುದಿಲ್ಲ, ನಾವೇ ಬೆಸೆಯಬೇಕು.

ನಗಿರಿ, ಸಂಗಾತಿಗಳೇ, ಧಾರಾಳವಾಗಿ ನಗಿರಿ. ಸಂಬಳದಂತೆ ನಗುವೂ ನಮ್ಮ ಹಕ್ಕು. ಆದರೆ ಟಾಕೀಸಿನಿಂದ ಹೊರಬಿದ್ದು ಮನೆಯ ದಾರಿ ಹಿಡಿದಾಗ ಮೂರು ಪ್ರಶ್ನೆ ಕೇಳಿಕೊಳ್ಳಿರಿ: ಕಥೆಯಲ್ಲಿ ಕಷ್ಟ ತೀರಿಸಿದವನು ಯಾರು? ಚಿತ್ರಕ್ಕೆ ಬಂಡವಾಳ ಹಾಕಿದವನು ಯಾರು? ನಮ್ಮನ್ನು ನಗಿಸಿದವನಿಗೆ ನಾಳೆ ಆಪತ್ತು ಬಂದರೆ ಅವನ ಪಕ್ಕದಲ್ಲಿ ನಿಲ್ಲುವವರು ಯಾರು? ಮೂರನೆಯ ಪ್ರಶ್ನೆಗೆ ‘ನಾವು’ ಎಂದು ಉತ್ತರ ಕೊಡುವಂಥ ಸಂಘ ಈ ಊರಿನಲ್ಲಿ ಬೆಳೆಯಬೇಕು. ನಿಮ್ಮ ಬಂಡವಾಳ ಅದಕ್ಕಿರಲಿ.