ಕೊಯ್ಲಿಗೂ ಮುನ್ನ ಕೃತಜ್ಞತೆ – ತೆನೆ ಹಬ್ಬದ ಪ್ರಬೋಧನೆ



ಒಂಬತ್ತು ದಿನ ನಮ್ಮ ಮಕ್ಕಳು ಮಾತೆ ಮರಿಯಮ್ಮನವರಿಗೆ ಹೂ ಅರ್ಪಿಸಿದ್ದಾರೆ. ಇಂದು, ಸೆಪ್ಟೆಂಬರ್ 8ರಂದು, ಆ ತಾಯಿಯ ಜನನೋತ್ಸವವನ್ನೂ ತೆನೆ ಹಬ್ಬವನ್ನೂ ಒಟ್ಟಿಗೆ ಆಚರಿಸುತ್ತಿದ್ದೇವೆ. ಆಶೀರ್ವದಿಸಿದ ತೆನೆಯನ್ನು ಮನೆಗೆ ಕೊಂಡೊಯ್ದು, ಪ್ರಾರ್ಥನೆ ಮಾಡಿ, ಕಾಳು ಸುಲಿದು ಹಾಲಿಗೋ ಪಾಯಸಕ್ಕೋ ಹಾಕಿ, ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಉಣ್ಣುತ್ತೇವೆ. ನಮ್ಮಲ್ಲಿ ಅನೇಕರ ಹಿರಿಯರು ಕರಾವಳಿಯಿಂದ ಘಟ್ಟ ಹತ್ತಿ ಬಂದಾಗ ಜೊತೆಗೆ ತಂದ ಪದ್ಧತಿ ಇದು.

ಆದರೆ ಒಂದು ಸಂಗತಿಯನ್ನು ಗಮನಿಸಿದ್ದೇವೆಯೇ? ಸಾಗರ, ಹೊಸನಗರ, ತೀರ್ಥಹಳ್ಳಿಯ ಗದ್ದೆಗಳಲ್ಲಿ ಈ ದಿನಗಳಲ್ಲಿ ಹೆಚ್ಚಿನ ಪೈರು ಇನ್ನೂ ಹಸಿರಾಗಿಯೇ ಇರುತ್ತದೆ. ತೆನೆ ಬೇಕೆಂದರೆ ಹುಡುಕಿ ತರಬೇಕು. ಕೊಯ್ಲು ಏನಿದ್ದರೂ ನವೆಂಬರ್, ಡಿಸೆಂಬರಿಗೆ. ಅಷ್ಟರೊಳಗೆ ಮಳೆ ಹೆಚ್ಚಬಹುದು, ಬೆಂಕಿರೋಗ ಬರಬಹುದು, ಹಂದಿ ನುಗ್ಗಬಹುದು. ಅಡಿಕೆ ತೋಟದಲ್ಲಿಯೂ ಇದು ಕೊಳೆರೋಗದ ಭಯದ ಕಾಲ. ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗವೂ ಸೇರಿಕೊಂಡು ಎಷ್ಟೋ ಮನೆಗಳ ನಿದ್ದೆಗೆಡಿಸಿದೆ. ಕಣಜ ತುಂಬಿದ ಮೇಲೆ ದೇವರಿಗೆ ವಂದನೆ ಹೇಳುವುದು ಸುಲಭ. ತೆನೆ ಹಬ್ಬ ನಮ್ಮಿಂದ ಕೇಳುವುದು ಕಣಜ ತುಂಬುವ ಮೊದಲೇ ಹೇಳುವ ವಂದನೆಯನ್ನು.

ಮಾತೆ ಮರಿಯಮ್ಮನವರು ಹೀಗೆಯೇ ಮಾಡಿದರು. ಎಲಿಜಬೇತಮ್ಮನವರ ಮನೆಯಲ್ಲಿ ಅವರು ದೇವರನ್ನು ಕೊಂಡಾಡಿದಾಗ ಮಗು ಇನ್ನೂ ಹುಟ್ಟಿರಲಿಲ್ಲ. ಮುಂದಿನ ದಾರಿ ಹೇಗಿರುವುದೆಂದು ಗೊತ್ತಿರಲಿಲ್ಲ. ಯೇಸುಸ್ವಾಮಿಯೂ ಹಾಗೆಯೇ. ಐದು ರೊಟ್ಟಿ ಅಷ್ಟೊಂದು ಜನರಿಗೆ ಎಲ್ಲಿ ಸಾಕಾದೀತೆಂದು ಶಿಷ್ಯರು ಚಿಂತಿಸುತ್ತಿದ್ದಾಗ ಅವರು ಮೊದಲು ದೇವರಿಗೆ ಸ್ತೋತ್ರ ಸಲ್ಲಿಸಿದರು. ಜನರು ಉಂಡು ತೃಪ್ತರಾದದ್ದು ಆಮೇಲೆ. ಲಾಜರನು ಇನ್ನೂ ಸಮಾಧಿಯೊಳಗಿದ್ದಾಗಲೇ ತಂದೆಯನ್ನು ವಂದಿಸಿದರು. ತಮ್ಮನ್ನು ಹಿಡಿದುಕೊಟ್ಟ ರಾತ್ರಿಯೇ ರೊಟ್ಟಿಯನ್ನು ತೆಗೆದುಕೊಂಡು ಕೃತಜ್ಞತೆ ಸಲ್ಲಿಸಿದರು. ಮರುದಿನ ಶಿಲುಬೆ ಕಾದಿತ್ತು. ನಾವು ಪ್ರತಿ ಬಲಿಪೂಜೆಯಲ್ಲಿ ಪಾಲುಗೊಳ್ಳುವುದು ಆ ಕೃತಜ್ಞತೆಯಲ್ಲಿಯೇ. ‘ಯೂಕರಿಸ್ತ್’ ಎಂಬ ಗ್ರೀಕ್ ಮೂಲದ ಪದದ ಅರ್ಥವೂ ಕೃತಜ್ಞತಾಸ್ತುತಿ ಎಂದೇ.

ಹಾಗಾದರೆ ಕಷ್ಟಕ್ಕೂ ವಂದನೆ ಹೇಳಬೇಕೇ? 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಮಂಗನ ಕಾಯಿಲೆ ಹಲವರನ್ನು ಬಲಿ ತೆಗೆದುಕೊಂಡಿತು. ಮನೆಯವರನ್ನು ಕಳೆದುಕೊಂಡವರ ಮುಂದೆ ನಿಂತು ‘ಇದಕ್ಕೂ ದೇವರನ್ನು ವಂದಿಸಿ’ ಎನ್ನುವುದು ಭಕ್ತಿಯಲ್ಲ. ಅವರೊಂದಿಗೆ ಕುಳಿತು ಅಳುವುದೇ ಅಲ್ಲಿ ನಮ್ಮ ಕರ್ತವ್ಯ. ಥೆಸಲೋನಿಯದವರಿಗೆ ಬರೆಯುತ್ತಾ ಸಂತ ಪೌಲರು ಕಲಿಸಿದ್ದು, ಎಲ್ಲ ಸಂದರ್ಭಗಳಲ್ಲಿಯೂ ಕೃತಜ್ಞರಾಗಿರಬೇಕು ಎಂದು. ರೋಗಕ್ಕಾಗಿ ಅಲ್ಲ, ರೋಗದ ನಡುವೆಯೂ ನಮ್ಮ ಕೈಬಿಡದ ದೇವರಿಗಾಗಿ. ಬೆಳೆ ಕೈಕೊಟ್ಟು ಕೊಟ್ಟಿಗೆ ಬರಿದಾದರೂ ದೇವರಲ್ಲಿ ಸಂತೋಷಪಡುತ್ತೇನೆಂದ ಪ್ರವಾದಿ ಹಬಕ್ಕೂಕನಿಗೆ ನಮ್ಮ ರೈತರ ಸಂಕಟ ಹೊಸದಲ್ಲ.

ಕಷ್ಟದಲ್ಲಿ ಕೃತಜ್ಞತೆ ಕಠಿಣ. ಸುಖದಲ್ಲಿ ಅದು ಮರೆತೇ ಹೋಗುತ್ತದೆ. ಗುಣವಾದ ಹತ್ತು ಮಂದಿ ಕುಷ್ಠರೋಗಿಗಳಲ್ಲಿ ಹಿಂದಿರುಗಿ ಬಂದವನು ಒಬ್ಬನೇ, ಅದೂ ಸಮಾರಿಯದವನು (ಲೂಕ 17:11-19). ಉಳಿದ ಒಂಬತ್ತು ಮಂದಿ ನಾವೇ. ಸಂಜೆ ಸ್ವಿಚ್ ಒತ್ತಿದರೆ ದೀಪ ಹತ್ತುತ್ತದೆ. ಆದರೆ 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿಗಾಗಿ ಇದೇ ಸಾಗರ, ಹೊಸನಗರದ ಎಷ್ಟೋ ಕುಟುಂಬಗಳ ಮನೆ, ಗದ್ದೆ, ತೋಟ ಶರಾವತಿಯ ಹಿನ್ನೀರಿನಲ್ಲಿ ಮುಳುಗಿದವು. ಆ ಬೆಳಕಿನಲ್ಲಿ ಊಟ ಮಾಡುವಾಗ ಮುಳುಗಡೆಯಾದವರ ನೆನಪು ನಮಗೆ ಬರುತ್ತದೆಯೇ? ಯಾರದೋ ತ್ಯಾಗ, ಯಾರದೋ ಬೆವರು ಇಲ್ಲದೆ ನಮ್ಮ ತಟ್ಟೆಗೆ ಏನೂ ಬಂದಿಲ್ಲ. ಅವರನ್ನು ಮರೆತು ದೇವರಿಗೆ ಮಾತ್ರ ವಂದನೆ ಹೇಳಿದರೆ ಅದು ಅರ್ಧ ವಂದನೆ.

ಆದುದರಿಂದ ಪ್ರಿಯರೇ, ಈ ಹಬ್ಬ ಒಂದು ದಿನಕ್ಕೆ ಮುಗಿಯದಿರಲಿ. ಇಂದಿನಿಂದ ನಮ್ಮ ಮನೆಗಳಲ್ಲಿ ಸಂಜೆಯ ಜಪಸರ ಮುಗಿದ ಮೇಲೆ, ಅಜ್ಜಿಯಿಂದ ಹಿಡಿದು ಚಿಕ್ಕ ಮಗುವಿನವರೆಗೆ ಪ್ರತಿಯೊಬ್ಬರೂ ಆ ದಿನದ ಒಂದೊಂದು ಉಪಕಾರವನ್ನು ಬಾಯಿಬಿಟ್ಟು ಹೇಳೋಣ. ಏನೂ ತೋಚದ ದಿನ ‘ದೇವರೇ, ಇವತ್ತು ಕಷ್ಟವಾಯಿತು, ಆದರೂ ನೀವಿದ್ದೀರಿ’ ಎಂದರೂ ಸಾಕು. ಎರಡನೆಯದಾಗಿ, ಒಬ್ಬ ಮನುಷ್ಯನಿಗಾದರೂ ಕೃತಜ್ಞತೆ ಹೇಳೋಣ: ನಸುಕಿನಲ್ಲೇ ಎದ್ದು ಒಲೆ ಹಚ್ಚುವ ಅಮ್ಮನಿಗೆ, ಮಳೆಗೆ ಜಾರುವ ಮರವೇರಿ ಔಷಧಿ ಹೊಡೆಯುವ ಕೊನೆಗಾರನಿಗೆ, ಮನೆಮನೆಗೆ ನಡೆದು ಬರುವ ಆಶಾ ಕಾರ್ಯಕರ್ತೆಗೆ. ಮೂರನೆಯದಾಗಿ, ಹಂಚಿಕೊಳ್ಳೋಣ. ಪ್ರಥಮ ಫಲವನ್ನು ಅರ್ಪಿಸಿದವನು ಲೇವಿಯನನ್ನೂ ಪರದೇಶಿಯನ್ನೂ ಕರೆದು ಸಂತೋಷಪಡಬೇಕೆಂದು ಧರ್ಮೋಪದೇಶಕಾಂಡದ 26ನೇ ಅಧ್ಯಾಯ ಕಲಿಸುತ್ತದೆ. ದೂರದ ಊರಿನಲ್ಲಿರುವ ಮಕ್ಕಳಿಗೆ ಈ ತೆನೆಯ ಕಾಳನ್ನು ಕಾಗದದಲ್ಲಿ ಸುತ್ತಿ ಕಳುಹಿಸುತ್ತೇವಲ್ಲವೇ? ಈ ವರ್ಷ ಬೆಳೆ ಕಳೆದುಕೊಂಡ ನೆರೆಮನೆಗೂ ನಮ್ಮ ಪಾಯಸದ ಒಂದು ಪಾತ್ರೆ ತಲುಪಲಿ.

ಹಸಿರು ಗದ್ದೆಯ ಮುಂದೆ ನಿಂತು ದೇವರನ್ನು ನಂಬಲು ಮಾತೆ ಮರಿಯಮ್ಮನವರು ನಮಗೆ ಕಲಿಸಲಿ. ಕೊಯ್ಲು ಹೆಚ್ಚಿರಲಿ, ಕಡಿಮೆಯಿರಲಿ, ನಮ್ಮ ಮನೆಗಳಲ್ಲಿ ಕೃತಜ್ಞತೆ ಬತ್ತದಿರಲಿ. ನಿಮ್ಮೆಲ್ಲರಿಗೂ ತೆನೆ ಹಬ್ಬದ ಶುಭಾಶಯಗಳು. ಆಮೆನ್.