ಸಾಫ್ಟ್‌ವೇರ್ ಮಾರುವ ಉದ್ಯೋಗದಲ್ಲಿ ನಮ್ಮ ಮಕ್ಕಳಿಗೆ ಎಷ್ಟು ಜಾಗ?

(ಕಾಸರಗೋಡು ಭಾಗದ ಕನ್ನಡ ಮಾಧ್ಯಮ ಪ್ರೌಢಶಾಲೆಯೊಂದರ ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಇಲ್ಲಿ ಕುಳಿತಿರುವ ಅನೇಕರ ಮಕ್ಕಳು ಇನ್ನು ನಾಲ್ಕೈದು ವರ್ಷಗಳಲ್ಲಿ ಬಿ.ಕಾಂ., ಬಿ.ಬಿ.ಎ. ಅಥವಾ ಬಿ.ಎ. ಮುಗಿಸಿ ಕೆಲಸ ಹುಡುಕಲು ಹೊರಡುತ್ತಾರೆ. ಮಂಗಳೂರು, ಬೆಂಗಳೂರು, ಕೊಚ್ಚಿಗಳಿಂದ ಅವರಿಗೆ ಬರುವ ಕರೆಗಳಲ್ಲಿ ಸಾಫ್ಟ್‌ವೇರ್ ಕಂಪನಿಗಳ ಕರೆಗಳೂ ಇರುತ್ತವೆ. ಮನೆಯಲ್ಲಿ ಸಂತೋಷ, ನೆರೆಮನೆಯವರಿಗೆ ಸಿಹಿ. ಆಮೇಲೆ ತಿಳಿಯುವ ವಿಷಯವೇನೆಂದರೆ, ಮಗ ಸಾಫ್ಟ್‌ವೇರ್ ಬರೆಯುವುದಿಲ್ಲ, ಮಾರುತ್ತಾನೆ. ಮಾರುವುದರಲ್ಲಿ ಅವಮಾನವೇನೂ ಇಲ್ಲ. ಆದರೆ ಈ ಉದ್ಯೋಗದ ಬಗ್ಗೆ ರಕ್ಷಕರು ಎರಡು ಪ್ರಶ್ನೆಗಳನ್ನು ಕೇಳುತ್ತಾರೆ. ಇದಕ್ಕೆ ಮುಂದೆ ಭವಿಷ್ಯವಿದೆಯೇ? ಇದು ಬೇಕಾದರೆ ಮಗುವನ್ನು ಈಗಲೇ ಇಂಗ್ಲಿಷ್ ಮಾಧ್ಯಮಕ್ಕೆ ಬದಲಿಸಬೇಕೇ? ಈ ಎರಡಕ್ಕೂ ನನಗೆ ತಿಳಿದಂತೆ ಉತ್ತರ ಹೇಳಲು ಬಂದಿದ್ದೇನೆ.

ಮೊದಲಿಗೆ ಕೆಲಸದ ಸ್ವರೂಪವನ್ನು ನೋಡೋಣ. ಸಾಫ್ಟ್‌ವೇರ್ ಮಾರಾಟದಲ್ಲಿ ಮುಖ್ಯವಾಗಿ ಮೂರು ಮೆಟ್ಟಿಲುಗಳಿವೆ. ಕೆಳಗಿನ ಮೆಟ್ಟಿಲಿನವನು ದಿನವಿಡೀ ಫೋನ್ ಮಾಡಿ, ಇ-ಮೇಲ್ ಕಳುಹಿಸಿ, ಕೊಳ್ಳಬಹುದಾದವರನ್ನು ಹುಡುಕುತ್ತಾನೆ. ಎರಡನೆಯವನು ಅವರಿಗೆ ಸಾಫ್ಟ್‌ವೇರ್ ತೋರಿಸಿ, ಬೆಲೆ ಮಾತಾಡಿ, ವ್ಯಾಪಾರ ಮುಗಿಸುತ್ತಾನೆ. ಮೂರನೆಯವನು ಕೊಂಡವರು ಮರುವರ್ಷವೂ ಬಿಡದಂತೆ ನೋಡಿಕೊಳ್ಳುತ್ತಾನೆ. ಹಿಂದೆ ಸಾಫ್ಟ್‌ವೇರನ್ನು ಒಮ್ಮೆ ಕೊಂಡರೆ ಮುಗಿಯುತ್ತಿತ್ತು. 1999ರಲ್ಲಿ ಅಮೆರಿಕದಲ್ಲಿ ಸ್ಥಾಪನೆಯಾದ ಸೇಲ್ಸ್‌ಫೋರ್ಸ್‌ನಂಥ ಕಂಪನಿಗಳು ಅದನ್ನು ಇಂಟರ್‌ನೆಟ್ ಮೂಲಕ ಬಾಡಿಗೆಯಂತೆ ಕೊಡುವ ಪದ್ಧತಿಯನ್ನು ಬೆಳೆಸಿದವು. ಬಾಡಿಗೆ ಎಂದ ಮೇಲೆ ವರ್ಷ ವರ್ಷವೂ ಮಾರಬೇಕು. ಆದ್ದರಿಂದ ಮಾರುವವರ ದೊಡ್ಡ ಪಡೆಯೇ ಬೇಕಾಯಿತು. ನಮ್ಮ ದಕ್ಷಿಣದಲ್ಲೂ 1996ರಲ್ಲಿ ಆರಂಭವಾದ ಜೋಹೋ ಮತ್ತು 2010ರಲ್ಲಿ ಚೆನ್ನೈಯಲ್ಲಿ ಹುಟ್ಟಿ 2021ರಲ್ಲಿ ಅಮೆರಿಕದ ನ್ಯಾಸ್‌ಡ್ಯಾಕ್ ಷೇರುಪೇಟೆ ಸೇರಿದ ಫ್ರೆಶ್‌ವರ್ಕ್ಸ್ ಇದೇ ದಾರಿಯಲ್ಲಿ ಬೆಳೆದವು.

2020 ಮತ್ತು 2021ರ ಕೊರೋನಾ ಕಾಲದಲ್ಲಿ ಎಲ್ಲ ವ್ಯವಹಾರವೂ ಕಂಪ್ಯೂಟರಿಗೆ ಬಂತು. ಬಡ್ಡಿದರ ಕಡಿಮೆಯಿತ್ತು, ಹೂಡಿಕೆದಾರರ ಹಣ ಸುಲಭವಾಗಿ ಸಿಗುತ್ತಿತ್ತು, ಕಂಪನಿಗಳು ಸಾಲುಸಾಲಾಗಿ ಮಾರಾಟಗಾರರನ್ನು ನೇಮಿಸಿಕೊಂಡವು. 2022ರಲ್ಲಿ ಬಡ್ಡಿ ಏರಿತು; ಹೂಡಿಕೆದಾರರು ಲಾಭ ಎಲ್ಲಿ ಎಂದು ಕೇಳತೊಡಗಿದರು. 2023ರ ಜನವರಿಯಲ್ಲಿ ಸೇಲ್ಸ್‌ಫೋರ್ಸ್ ತನ್ನ ಸಿಬ್ಬಂದಿಯಲ್ಲಿ ಸುಮಾರು ಶೇಕಡಾ 10ರಷ್ಟನ್ನು ಕಡಿಮೆ ಮಾಡುವುದಾಗಿ ಪ್ರಕಟಿಸಿತು. 2024ರ ನವೆಂಬರಿನಲ್ಲಿ ಫ್ರೆಶ್‌ವರ್ಕ್ಸ್ ಸುಮಾರು ಶೇಕಡಾ 13ರಷ್ಟು ಕಡಿತ ಘೋಷಿಸಿತು. ಪಾಠದ ಆ್ಯಪನ್ನು ಮನೆಮನೆಗೆ ಮಾರುತ್ತಿದ್ದ ಬೈಜೂಸ್ ಕಂಪನಿ ನಿಮಗೆಲ್ಲ ಗೊತ್ತು. ಅದು 2022ರ ಅಕ್ಟೋಬರದಲ್ಲಿ ಸುಮಾರು 2,500 ಮಂದಿಯನ್ನು ತೆಗೆಯುವುದಾಗಿ ಹೇಳಿತು. 2024ರ ಜುಲೈಯಲ್ಲಿ ದಿವಾಳಿ ಪ್ರಕ್ರಿಯೆಗೆ ಒಳಗಾಯಿತು. ಹೀಗೆ ಕೆಲಸ ಕಳೆದುಕೊಂಡ ಅನುಭವಸ್ಥರೂ ಕಾಲೇಜಿನಿಂದ ಹೊಸದಾಗಿ ಬಂದವರೂ ಒಂದೇ ಸಾಲಿನಲ್ಲಿ ನಿಂತಿರುವುದೇ ಈಗಿನ ನೂಕುನುಗ್ಗಲಿಗೆ ಒಂದು ಕಾರಣ.

ಕೆಳಗಿನ ಮೆಟ್ಟಿಲಿನಲ್ಲಿ ಈ ನೂಕುನುಗ್ಗಲು ಹೆಚ್ಚು. ಅಲ್ಲಿಗೆ ಯಾವ ಪದವಿಯಾದರೂ ನಡೆಯುತ್ತದೆ. ಹಾಗಾಗಿ ಯಾರು ಬೇಕಾದರೂ ಅರ್ಜಿ ಹಾಕುತ್ತಾರೆ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ನೂರು ಜನರಿಗೆ ನೂರು ಬಗೆಯ ಪತ್ರ ಬರೆಯುವ ಕೆಲಸವನ್ನು ಯಂತ್ರವೇ ನಿಮಿಷದಲ್ಲಿ ಮಾಡುತ್ತದೆ. ಫೋನಿನ ವಿಚಾರದಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ 2018ರಲ್ಲಿ ಬಿಗಿಯಾದ ನಿಯಮ ತಂದಿತು. ಪ್ರಚಾರದ ಕರೆಗಳಿಗೆ 140ರಿಂದ ತೊಡಗುವ ಪ್ರತ್ಯೇಕ ಸಂಖ್ಯೆಯಿದೆ. ಅದನ್ನು ಕಂಡೊಡನೆ ಫೋನ್ ಇಡುವವರು ನಾವೇ ಅಲ್ಲವೇ? ಇನ್ನು ಮೇಲಿನ ಮೆಟ್ಟಿಲಿಗೆ ಹೋಗುವ ದಾರಿ ಕಿರಿದು. ಹತ್ತು ಮಂದಿ ಕರೆ ಮಾಡುವ ಕಡೆ ಹತ್ತು ಮಂದಿ ವ್ಯಾಪಾರ ಮುಗಿಸುವವರು ಬೇಕಾಗುವುದಿಲ್ಲ.

ಒಂದು ಮಾರುಕಟ್ಟೆ ಹೇಗೆ ತುಂಬುತ್ತದೆ ಎಂಬುದಕ್ಕೆ ನಮ್ಮ ಪೇಟೆಯ ಉದಾಹರಣೆಯೇ ಸಾಕು. ಬೆಂಗಳೂರಿನ ಟ್ಯಾಲಿ ಕಂಪನಿ 1986ರಲ್ಲಿ ಆರಂಭವಾದದ್ದು. ಅದರ ಲೆಕ್ಕಪತ್ರದ ಸಾಫ್ಟ್‌ವೇರ್ ಊರೂರಿನ ಮಾರಾಟ ಪಾಲುದಾರರ ಮೂಲಕ ಅಂಗಡಿಗಳಿಗೆ ತಲುಪಿತು. 2017ರ ಜುಲೈ 1ರಂದು ಜಿ.ಎಸ್.ಟಿ. ಜಾರಿಗೆ ಬಂದಾಗ ಲೆಕ್ಕದ ಸಾಫ್ಟ್‌ವೇರಿಗೆ ಬೇಡಿಕೆ ಏರಿತು. 2020ರ ಅಕ್ಟೋಬರ 1ರಿಂದ ವರ್ಷಕ್ಕೆ 500 ಕೋಟಿ ರೂಪಾಯಿಗಿಂತ ಹೆಚ್ಚು ವಹಿವಾಟಿರುವವರಿಗೆ ಇ-ಇನ್‌ವಾಯ್ಸ್ ಕಡ್ಡಾಯವಾಯಿತು. ಆ ಮಿತಿ ಹಂತಹಂತವಾಗಿ ಇಳಿದು 2023ರ ಆಗಸ್ಟ್ 1ರಿಂದ 5 ಕೋಟಿಗೆ ಬಂತು. ಪ್ರತಿಸಲ ಮಿತಿ ಇಳಿದಾಗಲೂ ಹೊಸ ಗಿರಾಕಿಗಳು ಹುಟ್ಟಿದರು, ಮಾರುವವರಿಗೆ ಸುಗ್ಗಿಯಾಯಿತು. ಕೊಳ್ಳಬೇಕಾದವರು ಕೊಂಡು ಮುಗಿಸಿದ ಮೇಲೆ ಬರಿಯ ಮಾರಾಟಕ್ಕೆ ಬಂದವರು ಬೇರೆ ಕೆಲಸ ಹುಡುಕಬೇಕಾಗುತ್ತದೆ. ಲೆಕ್ಕ ತಿಳಿದವನಿಗೆ ಹಾಗಾಗುವುದಿಲ್ಲ. ರಿಟರ್ನ್ ತಪ್ಪಿದಾಗ, ಬಿಲ್ಲು ಹೊಂದದಿದ್ದಾಗ ಅಂಗಡಿಯವನು ಫೋನ್ ಮಾಡುವುದು ಅವನಿಗೇ.

ನನ್ನ ಅಭಿಪ್ರಾಯದ ಸಾರ ಇಲ್ಲಿದೆ. ಮಾತಿನ ಚಾತುರ್ಯ ಮಾತ್ರ ಇದ್ದವನಿಗೆ ಈ ಕ್ಷೇತ್ರದಲ್ಲಿ ಜಾಗ ಕಡಿಮೆಯಾಗುತ್ತಿದೆ. ಕೊಳ್ಳುವವನ ಕಸುಬನ್ನೂ ಅವನ ಭಾಷೆಯನ್ನೂ ಬಲ್ಲವನಿಗೆ ಜಾಗವಿದೆ. ಸಿಬ್ಬಂದಿಯನ್ನು ತೆಗೆದ ಅದೇ ಸೇಲ್ಸ್‌ಫೋರ್ಸ್ 2024ರ ಕೊನೆಗೆ ತನ್ನ ಹೊಸ ಕೃತಕ ಬುದ್ಧಿಮತ್ತೆಯ ಸರಕನ್ನು ಮಾರಲು 2,000 ಮಾರಾಟಗಾರರು ಬೇಕೆಂದು ಹೇಳಿತು. ಮಾರಾಟದ ಉದ್ಯೋಗ ಸತ್ತಿಲ್ಲ, ಅದರ ಬಾಗಿಲು ಬದಲಾಗಿದೆ. ನಮ್ಮ ದೇಶದಲ್ಲಿ 2022ರ ಜೂನ್‌ನಲ್ಲಿ ಕೇಂದ್ರ ಸರಕಾರ 63,000 ಪ್ರಾಥಮಿಕ ಕೃಷಿ ಪತ್ತಿನ ಸಹಕಾರಿ ಸಂಘಗಳನ್ನು ಗಣಕೀಕರಿಸುವ 2,516 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅಂಥ ಸಂಘವೊಂದರ ಕಾರ್ಯದರ್ಶಿಗೆ ಸಾಲದ ಖಾತೆಯನ್ನು ಕಂಪ್ಯೂಟರಿನಲ್ಲಿ ತೋರಿಸಿಕೊಡಬೇಕಾದರೆ ಸಹಕಾರಿ ಲೆಕ್ಕ ಗೊತ್ತಿರಬೇಕು, ಅವರ ಭಾಷೆಯಲ್ಲಿ ಮಾತಾಡಬೇಕು.

ಇಲ್ಲಿ ಗಡಿನಾಡಿನ ಮಕ್ಕಳಿಗೆ ಒಂದು ಅನುಕೂಲವಿದೆ. ಬದಿಯಡ್ಕದ ಹುಡುಗಿ ಅಡಿಕೆ ವ್ಯಾಪಾರಿಯ ಜತೆ ಕನ್ನಡದಲ್ಲಿ, ತುಳುವಿನಲ್ಲಿ, ಮಲಯಾಳದಲ್ಲಿ ಮಾತಾಡಬಲ್ಲಳು. ಸೊಲ್ಲಾಪುರದ ನಮ್ಮ ಹುಡುಗ ಟವೆಲ್ ನೇಯುವ ಕಾರಖಾನೆಯವರೊಡನೆ ಕನ್ನಡ, ಮರಾಠಿ, ಹಿಂದಿಯಲ್ಲಿ ವ್ಯವಹರಿಸಬಲ್ಲ. ಆದೋನಿಯ ಹತ್ತಿ ಮಂಡಿಯಲ್ಲಿ ತೆಲುಗು, ಹೊಸೂರಿನ ಸಣ್ಣ ಕೈಗಾರಿಕೆಗಳಲ್ಲಿ ತಮಿಳು ಕನ್ನಡದ ಜತೆಗೇ ಬರುತ್ತವೆ. ಬೆಂಗಳೂರಿನಲ್ಲಿ ಒಂದೇ ಭಾಷೆಯಲ್ಲಿ ಬೆಳೆದ ಮಗುವಿಗೆ ಈ ಸಂಪತ್ತಿಲ್ಲ. ಆದರೆ ಬಾಯಿಮಾತಿನ ಭಾಷೆ ಸಾಲದು. ರಾಜ್ಯಭಾಷೆಯಲ್ಲಿ ಓದಲೂ ಒಂದು ಪತ್ರ ಬರೆಯಲೂ ಬರಬೇಕು. ನಮ್ಮ ಭಾಷೆಯ ಹಕ್ಕಿಗಾಗಿ ಹೋರಾಡುವವರು ನೆರೆಭಾಷೆಯನ್ನು ಕಲಿಯಬಾರದೆಂದು ಎಲ್ಲೂ ಹೇಳಿಲ್ಲ.

ಇನ್ನು ಇಂಗ್ಲಿಷಿನ ಪ್ರಶ್ನೆ. ಇಂಗ್ಲಿಷ್ ಬೇಡ ಎಂದು ಹೇಳಿ ನಿಮ್ಮನ್ನು ಮೋಸಗೊಳಿಸಲಾರೆ. ವಿದೇಶದ ಗಿರಾಕಿಗಳಿಗೆ ಮಾರುವ ಕಂಪನಿಗಳಲ್ಲಿ ಒಳ್ಳೆಯ ಇಂಗ್ಲಿಷ್ ಇಲ್ಲದೆ ಕಾಲಿಡುವಂತಿಲ್ಲ. ಊರಿನಲ್ಲಿ ಮಾರುವವನಿಗೂ ಸ್ಪಷ್ಟವಾದ ಇ-ಮೇಲ್ ಬರೆಯಲು ಬರಬೇಕು. ಅದನ್ನು ಒಂದು ವಿಷಯವಾಗಿ ಶ್ರದ್ಧೆಯಿಂದ ಕಲಿಸಿದರೆ ಸಾಧ್ಯ. ಅದಕ್ಕಾಗಿ ಗಣಿತವನ್ನೂ ವಿಜ್ಞಾನವನ್ನೂ ಅರ್ಥವಾಗದ ಭಾಷೆಯಲ್ಲಿ ಉರುಹೊಡೆಸಬೇಕಾಗಿಲ್ಲ. ಶೇಕಡಾವಾರು ಲೆಕ್ಕ, ಬಡ್ಡಿ, ಲಾಭ-ನಷ್ಟ ಇವು ತಾಯ್ನುಡಿಯಲ್ಲಿ ಚೆನ್ನಾಗಿ ಮನದಟ್ಟಾದ ಮಗು ಮುಂದೆ ಗಿರಾಕಿಯ ಎದುರು ತಡವರಿಸುವುದಿಲ್ಲ. ಶಾಲೆಯಲ್ಲಿ ಇಂಗ್ಲಿಷ್ ಪಾಠ ದುರ್ಬಲವಾಗಿದ್ದರೆ ಅದನ್ನು ಈ ಸಂಘದ ಸಭೆಯಲ್ಲೇ ಎತ್ತಿ ಕೇಳಿ. ಅದು ನಿಮ್ಮ ಹಕ್ಕು.

ಕೊನೆಗೆ, ನೇಮಕದ ಪತ್ರ ಕೈಗೆ ಬಂದಾಗ ರಕ್ಷಕರು ಕೇಳಿಸಬೇಕಾದ ಕೆಲವು ಪ್ರಶ್ನೆಗಳನ್ನು ಹೇಳುತ್ತೇನೆ. ಒಂದು, ಸಂಬಳದಲ್ಲಿ ಖಚಿತ ಭಾಗವೆಷ್ಟು, ಟಾರ್ಗೆಟ್ ಮುಟ್ಟಿದರೆ ಮಾತ್ರ ಸಿಗುವ ಭಾಗವೆಷ್ಟು? ವರ್ಷಕ್ಕೆ 6 ಲಕ್ಷ ಎಂದು ಬರೆದು ಅದರಲ್ಲಿ ಅರ್ಧ ಟಾರ್ಗೆಟ್ಟಿಗೆ ಕಟ್ಟಿದ್ದರೆ, ಖಚಿತವಾಗಿ ಸಿಗುವುದು ತಿಂಗಳಿಗೆ 25,000 ರೂಪಾಯಿ. ಅದರಲ್ಲಿ ಭವಿಷ್ಯನಿಧಿ, ನಗರದ ಕೋಣೆ ಬಾಡಿಗೆ, ಊಟ, ಬಸ್ಸು ಕಳೆಯಿರಿ. ಎರಡು, ಕಳೆದ ವರ್ಷ ಆ ತಂಡದಲ್ಲಿ ಎಷ್ಟು ಮಂದಿ ಟಾರ್ಗೆಟ್ ಮುಟ್ಟಿದರು? ಮೂರು, ಹಿಂದಿನವನು ಬಿಟ್ಟದ್ದೇಕೆ? ನಾಲ್ಕು, ಸರಕು ಏನು, ಅದನ್ನು ಕೊಳ್ಳುವವರು ಯಾರು? ಇದಕ್ಕೆ ನೇರ ಉತ್ತರ ಬರದಿದ್ದರೆ ಎಚ್ಚರವಿರಲಿ. ಐದು, ಕೆಲಸ ಬಿಟ್ಟರೆ ಹಣ ಕಟ್ಟಬೇಕೆಂಬ ಬಾಂಡ್ ಇದೆಯೇ? ಅಸಲು ಅಂಕಪಟ್ಟಿಯನ್ನು ಕೇಳಿದರೆ ಕೊಡಬೇಡಿ, ನಕಲು ಕೊಡಿ.

ಇದಕ್ಕಿಂತಲೂ ಮುಖ್ಯವಾದದ್ದು, ಕೆಲಸ ಗ್ಯಾರಂಟಿ ಎಂದು ಹೇಳಿ ಐವತ್ತು ಸಾವಿರ, ಲಕ್ಷ ಕೇಳುವ ಮಾರಾಟ ತರಬೇತಿಗೆ ಚಿನ್ನ ಅಡವಿಡಬೇಡಿ. ಕೆಳಗಿನ ಮೆಟ್ಟಿಲಿನ ಕೆಲಸವನ್ನು ಕಂಪನಿಗಳು ಒಳಗೇ ಕೆಲವು ವಾರಗಳಲ್ಲಿ ಕಲಿಸುತ್ತವೆ. ಜೋಹೋ ಕಂಪನಿ ಹೈಯರ್ ಸೆಕೆಂಡರಿ ಮುಗಿಸಿದವರನ್ನು ಆಯ್ದು, ಶುಲ್ಕವಿಲ್ಲದೆ, ಶಿಷ್ಯವೇತನ ಕೊಟ್ಟು ಕಲಿಸುವ ಶಾಲೆಗಳನ್ನು ನಡೆಸುತ್ತಿದೆ. ಕಲಿಸಿ ಕೆಲಸಕ್ಕಿಟ್ಟುಕೊಳ್ಳುವ ಮನಸ್ಸಿರುವವರು ಮೊದಲೇ ಹಣ ಕೇಳುವುದಿಲ್ಲ ಎಂಬುದನ್ನು ನೆನಪಿಡಿ.

ಆ ಹಣವನ್ನೂ ಸಮಯವನ್ನೂ ಬೇರೆ ಕಡೆ ಹಾಕಬಹುದು. ಹೈಯರ್ ಸೆಕೆಂಡರಿಯಲ್ಲಿ ವಾಣಿಜ್ಯ ಆರಿಸಿಕೊಂಡವರು ಲೆಕ್ಕಶಾಸ್ತ್ರವನ್ನು ಪರೀಕ್ಷೆಗಷ್ಟೇ ಓದದೆ, ರಜೆಯಲ್ಲಿ ಒಬ್ಬ ಲೆಕ್ಕಪರಿಶೋಧಕರ ಕಚೇರಿಯಲ್ಲೋ ಸಹಕಾರಿ ಸಂಘದಲ್ಲೋ ಕುಳಿತು ಕೈಯಾರೆ ಮಾಡಲಿ. ಶಾಲೆಯ ಐ.ಟಿ. ಕೋಣೆಯಲ್ಲಿರುವ ಸ್ಪ್ರೆಡ್‌ಶೀಟಿನಲ್ಲಿ ಮನೆಯ ಅಡಿಕೆ, ಹಾಲು, ಕೂಲಿಯ ಲೆಕ್ಕ ಬರೆಯಲಿ. ಮಾರಾಟದ ಕೆಲಸ ಸಿಕ್ಕಿದರೆ ಅದು ಬಂಡವಾಳ. ಸಿಗದಿದ್ದರೂ, ಸಿಕ್ಕಿದ್ದು ಹೋದರೂ, ಆ ವಿದ್ಯೆಯಿಂದ ಊರಿನಲ್ಲೇ ಅನ್ನ ಹುಟ್ಟುತ್ತದೆ.

ಪ್ರಶ್ನೆಗಳಿದ್ದರೆ ಸಂಕೋಚವಿಲ್ಲದೆ ಕೇಳಿ, ಮಕ್ಕಳೂ ಕೇಳಲಿ.