ಮೇಲಿನ ಹೊಲದವನ ಹಕ್ಕು ಎಲ್ಲಿಯವರೆಗೆ?

(ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿಯೂ ಮಳೆ ಸುರಿಸಿ ಬೆಳೆ ಬೆಳೆಸುವ ಅಲ್ಲಾಹನಿಗೆ. ಸಲಾತ್ ಮತ್ತು ಸಲಾಮ್ ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬದವರ ಮೇಲೆ, ಸಹಾಬಿಗಳ ಮೇಲೆ.



ಇಲ್ಲಿ ಕುಳಿತಿರುವ ಹೆಚ್ಚಿನವರಿಗೆ ಭೂಮಿಯ ಜೊತೆ ಒಂದಲ್ಲ ಒಂದು ಸಂಬಂಧವಿದೆ. ಕೆಲವರದು ಸ್ವಂತ ಹೊಲ, ಕೆಲವರದು ಗುತ್ತಿಗೆ. ಕೆಲವರು ನಾಟಿಗೆ, ಕೊಯ್ಲಿಗೆ ಕೂಲಿ ಹೋಗುವವರು. ಗೊಬ್ಬರದ ಅಂಗಡಿ ಇಟ್ಟವರಿದ್ದಾರೆ, ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡುವವರಿದ್ದಾರೆ. ಉಪಕಾಲುವೆಯ ತಲೆಯ ಕಡೆ ಹೊಲ ಇರುವವನೂ ಕೊನೆಯ ಕಡೆ ಹೊಲ ಇರುವವನೂ ಇದೇ ಸಫ್‌ನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತಾರೆ. ಆದರೆ ಅದೇ ಇಬ್ಬರು ತೂಬಿನ ಬಳಿ ಎದುರಾದರೆ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಇವತ್ತು ಅದರ ಬಗ್ಗೆಯೇ ಮಾತಾಡಬೇಕೆಂದಿದ್ದೇನೆ.

ಈ ಜಗಳ ಹೊಸದಲ್ಲ, ಮದೀನಾದಲ್ಲೂ ಇತ್ತು. ಅಲ್ಲಿ ಹರ್ರಾ ಎಂಬ ಕರಿಕಲ್ಲಿನ ನೆಲದಿಂದ ಮಳೆನೀರು ತೊರೆಯಾಗಿ ಇಳಿದು ಖರ್ಜೂರದ ತೋಟಗಳಿಗೆ ಹರಿಯುತ್ತಿತ್ತು. ಮೇಲಿನ ತೋಟ ಹಝ್ರತ್ ಝುಬೈರ್(ರ) ಅವರದು, ಕೆಳಗಿನದು ಒಬ್ಬ ಅನ್ಸಾರಿಯದು. ನೀರಿನ ವಿಷಯ ಪ್ರವಾದಿಯವರ(ಸ) ಮುಂದೆ ಬಂತು. ನಿನಗೆ ಬೇಕಾದಷ್ಟು ಹಾಯಿಸಿಕೊಂಡು ನೆರೆಯವನಿಗೆ ಬಿಡು ಎಂದು ಅವರು ಝುಬೈರ್‌ಗೆ ಹೇಳಿದರು. ಝುಬೈರ್ ಪ್ರವಾದಿಯವರ ಸೋದರತ್ತೆಯ ಮಗ. ಸಂಬಂಧಿ ಎಂದು ಪಕ್ಷಪಾತ ಮಾಡಿದಿರಿ ಎಂಬಂತೆ ಆ ಅನ್ಸಾರಿ ಮಾತಾಡಿದಾಗ ಪ್ರವಾದಿಯವರ ಮುಖದ ಬಣ್ಣ ಬದಲಾಯಿತು. ಆಗ ಅವರು ಝುಬೈರ್‌ಗೆ ಅವರ ಪೂರ್ತಿ ಹಕ್ಕನ್ನೇ ಕೊಡಿಸಿದರು: ಪಾತಿಯ ಒಡ್ಡಿನ ತನಕ ನೀರು ನಿಲ್ಲಿಸಿಕೋ, ಆಮೇಲೆ ಬಿಡು. ಬುಖಾರಿಯಲ್ಲಿ ಈ ಘಟನೆ ಇದೆ.

ಇದರಲ್ಲಿ ಎರಡು ತೀರ್ಪುಗಳಿವೆ, ಗಮನಿಸಿ. ಎರಡನೆಯದು ಹಕ್ಕು. ಮೊದಲನೆಯದು ಇಹ್ಸಾನ್, ಅಂದರೆ ಹಕ್ಕಿದ್ದರೂ ಸ್ವಲ್ಪ ಕಡಿಮೆ ತೆಗೆದುಕೊಂಡು ನೆರೆಯವನಿಗೆ ಬೇಗ ಬಿಡುವುದು. ಪ್ರವಾದಿಯವರು ಮೊದಲು ಬಯಸಿದ್ದು ಇಹ್ಸಾನನ್ನು. ಆದರೆ ಹಕ್ಕಿಗೂ ಒಂದು ಗಡಿ ಹಾಕಿದರು. ಮದೀನಾದ ಇನ್ನೊಂದು ತೊರೆಯ ವಿಷಯದಲ್ಲಿ ಆ ಗಡಿಯನ್ನು ಕಾಲಿನ ಗಿಣ್ಣಿನ ಅಳತೆಯಲ್ಲೇ ಹೇಳಿದರು: ನೀರು ಅಷ್ಟು ಏರಿದ ಮೇಲೆ ಮೇಲಿನವನು ಕೆಳಗಿನವನಿಗೆ ಬಿಡಲೇಬೇಕು. ಮೊದಲ ಸರದಿ ಮೇಲಿನವನದು ನಿಜ. ಆದರೆ ನೀರೆಲ್ಲ ಅವನದಲ್ಲ.

ಈಗ ನಮ್ಮ ಕಾಲುವೆಗೆ ಬರೋಣ. ತುಂಗಭದ್ರಾ ಅಣೆಕಟ್ಟಿನಿಂದ 1953ರಲ್ಲಿ ನೀರು ಹರಿಯತೊಡಗಿತು. ಎಡದಂಡೆ ಮುಖ್ಯ ಕಾಲುವೆಯ ಉದ್ದ 227 ಕಿಲೋಮೀಟರ್. ಕಟ್ಟಿದವರ ಉದ್ದೇಶ ಇಲ್ಲಿ ಬರೀ ಭತ್ತ ಬೆಳೆಯುವುದಾಗಿರಲಿಲ್ಲ. ಇದು ಬರದ ಸೀಮೆ. ಸ್ವಲ್ಪ ಸ್ವಲ್ಪ ನೀರನ್ನು ಹೆಚ್ಚು ಹೊಲಗಳಿಗೆ ಮುಟ್ಟಿಸಿ ಜೋಳ, ಹತ್ತಿ, ಶೇಂಗಾ ಬೆಳೆಯಬೇಕು, ಭತ್ತ ಕೆಲವೇ ಕಡೆ ಇರಬೇಕು ಎಂಬುದು ಲೆಕ್ಕ. ಯಾವ ಹೊಲಕ್ಕೆ ಯಾವ ಬೆಳೆ ಎಂದು ಕಾಗದದಲ್ಲಿ ನಿಗದಿಯೂ ಆಯಿತು.

ಆಮೇಲೆ ಏನಾಯಿತೆಂದು ನಿಮಗೆ ನಾನು ಹೇಳಬೇಕಿಲ್ಲ. ಆಂಧ್ರದ ಕರಾವಳಿ ಬಯಲಿನಿಂದ ಬಂದವರು ಕ್ಯಾಂಪ್‌ಗಳಲ್ಲಿ ನೆಲೆಸಿ, ಮುಳ್ಳುಕಂಟಿ ತೆಗೆದು ಗದ್ದೆ ಮಾಡಿದರು. ಅವರ ದುಡಿಮೆಯನ್ನು ಯಾರೂ ಅಲ್ಲಗಳೆಯುವಂತಿಲ್ಲ. ಅವರನ್ನು ನೋಡಿ ನಾವೂ ಭತ್ತಕ್ಕೆ ತಿರುಗಿದೆವು. ಗಂಗಾವತಿ, ಸಿಂಧನೂರು ಭತ್ತದ ಕಣಜವಾದವು. ಒಂದು ಎಕರೆ ಭತ್ತ ಕುಡಿಯುವ ನೀರಿನಲ್ಲಿ ಎರಡು ಎಕರೆ ಜೋಳ ಬೆಳೆದು ಇನ್ನೂ ಮಿಗುತ್ತದೆ. ಹಾಗಾಗಿ ಮೇಲೆ ಭತ್ತ ಹೆಚ್ಚಿದಷ್ಟೂ ಮಾನ್ವಿ, ಸಿರವಾರ, ರಾಯಚೂರು ಕಡೆಯ ಕೊನೆ ಭಾಗಕ್ಕೆ ನೀರು ಮುಟ್ಟುವುದು ಕಷ್ಟವಾಯಿತು. ಐಸಿಸಿ ಸಭೆಗಳು ನಡೆದವು, ವಾರಬಂದಿ ಬಂತು, ಕಾಲುವೆಯ ಮೇಲೆ ಪೊಲೀಸರು ನಿಂತರು, ನಿಷೇಧಾಜ್ಞೆ ಹೊರಟಿತು. ರಾತ್ರಿ ಪಂಪ್‌ಸೆಟ್ ಇಡುವವನು ಇಡುತ್ತಲೇ ಇದ್ದಾನೆ.

ಏಕೆಂದರೆ ಬೆಳೆಯನ್ನು ತೀರ್ಮಾನಿಸುವುದು ಕಾಗದ ಮಾತ್ರವಲ್ಲ. ರೈತನ ಮನಸ್ಸಿನಲ್ಲಿ ಯಾವುದಕ್ಕೆ ಬೆಲೆ, ಯಾವುದು ಮರ್ಯಾದೆ ಎಂಬುದೂ ತೀರ್ಮಾನಿಸುತ್ತದೆ. ಭತ್ತದ ಗದ್ದೆ ಇರುವವನ ಮನೆಗೆ ಹೆಣ್ಣು ಕೊಡುತ್ತಾರೆ, ಜೋಳದ ಹೊಲದವನನ್ನು ಎರಡು ಸಲ ವಿಚಾರಿಸುತ್ತಾರೆ. ರೊಟ್ಟಿ ಬಡವರದು, ಅನ್ನ ಇದ್ದವರದು ಎಂದು ನಮ್ಮ ಮನೆಗಳಲ್ಲೇ ಹೇಳಿಕೊಂಡು ಬಂದಿದ್ದೇವೆ. (ಈಗ ಸಕ್ಕರೆ ಕಾಯಿಲೆ ಬಂದ ಮೇಲೆ ಡಾಕ್ಟರು ಹೇಳಿದರೆಂದು ಜೋಳ ಹುಡುಕುತ್ತಿದ್ದೇವೆ, ಅದು ಬೇರೆ ಮಾತು.) ತಪ್ಪೆಲ್ಲ ರೈತನದು ಎಂದು ನಾನು ಹೇಳುವುದಿಲ್ಲ. ಜೋಳಕ್ಕೆ ಮಾರುಕಟ್ಟೆಯಲ್ಲಿ ನಂಬಿಕೆಯ ದರ ಇದ್ದಿದ್ದರೆ ಎಷ್ಟೋ ಜನ ಅದನ್ನೇ ಬಿತ್ತುತ್ತಿದ್ದರು. ಆದರೆ ಸರಕಾರದ ತಪ್ಪಿನ ಬಗ್ಗೆ ಮಾತಾಡಲು ಬೇರೆ ವೇದಿಕೆಗಳಿವೆ. ಇಲ್ಲಿ ನಮ್ಮ ಬಗ್ಗೆ ಮಾತಾಡೋಣ.

ಅತಿಯಾಗಿ ನೀರು ತೆಗೆದುಕೊಂಡವನಿಗಾದರೂ ಒಳ್ಳೆಯದಾಯಿತೇ? ಎರೆಭೂಮಿಯಲ್ಲಿ ನೀರು ಬೇಗ ಬಸಿದು ಹೋಗುವುದಿಲ್ಲ. ವರ್ಷಕ್ಕೆ ಎರಡು ಬೆಳೆ ಭತ್ತಕ್ಕೆ ನೀರು ನಿಲ್ಲಿಸಿದರೆ ನೆಲದೊಳಗಿನ ನೀರಿನ ಮಟ್ಟ ಮೇಲೆ ಬರುತ್ತದೆ. ದೀಪದ ಬತ್ತಿ ಎಣ್ಣೆ ಎಳೆದುಕೊಳ್ಳುವ ಹಾಗೆ ಮಣ್ಣು ಆ ನೀರನ್ನು ಮೇಲಕ್ಕೆಳೆಯುತ್ತದೆ. ಬಿಸಿಲಿಗೆ ನೀರು ಆರುತ್ತದೆ, ಅದರಲ್ಲಿದ್ದ ಉಪ್ಪು ಮೇಲೆ ಉಳಿಯುತ್ತದೆ. ಬೆಳಿಗ್ಗೆ ಹೊಲಕ್ಕೆ ಹೋದರೆ ಸುಣ್ಣ ಚೆಲ್ಲಿದ ಹಾಗೆ ಬಿಳಿ ಪದರ. ಸವಳು-ಜವಳು ಎಂದು ನಾವು ಕರೆಯುವುದು ಇದನ್ನೇ. ಇದಕ್ಕಾಗಿಯೇ ಗಂಗಾವತಿಯಲ್ಲಿ ಒಂದು ಸಂಶೋಧನಾ ಕೇಂದ್ರ ನಡೆಯುತ್ತಿದೆ ಎಂದರೆ ರೋಗ ಎಷ್ಟು ದೊಡ್ಡದೆಂದು ಯೋಚಿಸಿ. ಕೊನೆ ಭಾಗದವನ ಹೊಲ ನೀರಿಲ್ಲದೆ ಒಣಗಿತು, ತಲೆಯ ಕಡೆಯವನ ಹೊಲ ನೀರು ಹೆಚ್ಚಾಗಿ ಸತ್ತಿತು. ಒಣಗಿದ ಹೊಲ ಒಂದು ಒಳ್ಳೆಯ ಮಳೆಗೆ ಚಿಗುರುತ್ತದೆ. ಉಪ್ಪು ಹಿಡಿದ ಹೊಲ ಒಂದು ಮಳೆಗೆ ಸರಿಹೋಗುವುದಿಲ್ಲ.

ಅದನ್ನು ಸರಿಪಡಿಸಲು ಬಸಿಗಾಲುವೆ ಬೇಕು. ಬಸಿಗಾಲುವೆ ಒಬ್ಬನ ಹೊಲದಲ್ಲಿ ಮುಗಿಯುವುದಿಲ್ಲ, ಪಕ್ಕದವನ ಹೊಲ ದಾಟಿ ಹಳ್ಳ ಸೇರಬೇಕು. ನನ್ನ ಹೊಲದಲ್ಲಿ ಗುದ್ದಲಿ ಹಾಕಿದರೆ ನೋಡು ಎಂಬ ಮಾತು ಹುಟ್ಟುವುದು ಅಲ್ಲಿ. ಹಝ್ರತ್ ಉಮರ್(ರ) ಖಲೀಫರಾಗಿದ್ದಾಗ ಇಂಥದ್ದೇ ಪ್ರಕರಣ ಬಂದಿತ್ತು. ಝಹ್ಹಾಕ್ ಎಂಬವರು ತಮ್ಮ ಜಮೀನಿಗೆ ಕಾಲುವೆ ತರಬೇಕಿತ್ತು, ಅದು ಮುಹಮ್ಮದ್ ಇಬ್ನ್ ಮಸ್ಲಮಾ ಅವರ ಭೂಮಿಯ ಮೂಲಕ ಹಾಯಬೇಕಿತ್ತು. ನಿನಗೂ ನೀರು ಸಿಗುತ್ತದೆ, ನಷ್ಟವೇನೂ ಇಲ್ಲ ಎಂದು ಹೇಳಿದರೂ ಅವರು ಒಪ್ಪಲಿಲ್ಲ. ಕೊನೆಗೆ ಉಮರ್(ರ), ನಿನ್ನ ಹೊಟ್ಟೆಯ ಮೇಲಾದರೂ ಸರಿ, ಆ ಕಾಲುವೆ ಹೋಗಿಯೇ ಹೋಗುತ್ತದೆ ಎಂಬರ್ಥದಲ್ಲಿ ಆಜ್ಞೆ ಮಾಡಿದರು. ಇಮಾಮ್ ಮಾಲಿಕ್‌ರ ಮುವತ್ತಾದಲ್ಲಿ ಇದಿದೆ. ಮುಹಮ್ಮದ್ ಇಬ್ನ್ ಮಸ್ಲಮಾ ಸಾಮಾನ್ಯರಲ್ಲ, ಬದ್ರ್‌ನಲ್ಲಿ ಭಾಗವಹಿಸಿದ ಸಹಾಬಿ. ಆದರೂ ಉಮರ್ ಬಿಡಲಿಲ್ಲ.

ಇನ್ನು ಮುಂದಿನ ಸಫ್‌ನಲ್ಲಿರುವ ಕೆಲವರಿಗೆ ಒಂದು ಮಾತು, ಬೇಸರ ಮಾಡಿಕೊಳ್ಳಬೇಡಿ. ಭೂಮಿ ನಿಮ್ಮದು, ಸಾಗುವಳಿ ಇನ್ನೊಬ್ಬರದು. ಎಕರೆಗೆ ಇಷ್ಟು ಚೀಲ ಎಂದು ವರ್ಷ ವರ್ಷ ಗುತ್ತಿಗೆ ಕೊಡುತ್ತೀರಿ. ಬರುವ ವರ್ಷ ಆ ಹೊಲ ತನ್ನ ಕೈಯಲ್ಲಿ ಇರುತ್ತದೋ ಇಲ್ಲವೋ ಗೊತ್ತಿಲ್ಲದವನು ಅದಕ್ಕೆ ಡಯಾಂಚ ಬಿತ್ತಿ ಹಸಿರು ಗೊಬ್ಬರ ಮಾಡುತ್ತಾನೆಯೇ? ಜಿಪ್ಸಂ ಹಾಕುತ್ತಾನೆಯೇ? ಹುಲ್ಲಿಗೆ ಬೆಂಕಿ ಹಚ್ಚಿ, ಯೂರಿಯಾ ಸುರಿದು, ಎಷ್ಟು ಹಿಂಡಬಹುದೋ ಅಷ್ಟು ಹಿಂಡುತ್ತಾನೆ. ಅವನನ್ನು ಹಾಗೆ ಮಾಡಿಸುತ್ತಿರುವುದು ನಿಮ್ಮ ಕರಾರು. ಹೆಚ್ಚುವರಿ ಭೂಮಿ ಇದ್ದರೆ ತಾನೇ ಉಳುಮೆ ಮಾಡಲಿ, ಇಲ್ಲವೇ ಸಹೋದರನಿಗೆ ಕೊಡಲಿ ಎಂದು ಪ್ರವಾದಿಯವರು(ಸ) ಪ್ರೋತ್ಸಾಹಿಸಿದ ಹದೀಸ್ ನಿಮಗೆ ಗೊತ್ತಿದೆ. ಅಷ್ಟು ಮಾಡಲು ಆಗದಿದ್ದರೆ ಕನಿಷ್ಠ ಐದು ವರ್ಷಕ್ಕೆ ಬರೆದುಕೊಡಿ. ನೀರು ಬಾರದ ವರ್ಷ ಚೀಲ ಕಡಿಮೆ ಮಾಡಿ. ಹಸಿರು ಗೊಬ್ಬರ ಮಾಡಿದವನಿಗೆ ಬೀಜದ ಖರ್ಚು ಹಿಡಿದುಕೊಡಿ.

ಮಂಡ್ಯ ಜಿಲ್ಲೆಯ ಕಿರುಗಾವಲಿನಲ್ಲಿ ಸೈಯದ್ ಗನಿ ಖಾನ್ ಎಂಬ ರೈತರಿದ್ದಾರೆ. ಪತ್ರಿಕೆಗಳಲ್ಲಿ ಓದಿರಬಹುದು. ಅದೂ ಕಾಲುವೆ ನೀರಿನ, ಭತ್ತದ ಸೀಮೆಯೇ. ಹಿರಿಯರಿಂದ ಬಂದ ಬಡಾ ಬಾಗ್ ಎಂಬ ತೋಟದಲ್ಲಿ ನೂರಕ್ಕೂ ಹೆಚ್ಚು ಬಗೆಯ ಹಳೆಯ ಮಾವನ್ನು ಉಳಿಸಿಕೊಂಡಿದ್ದಾರೆ, ಸಾವಿರಕ್ಕೂ ಮಿಕ್ಕಿ ಭತ್ತದ ತಳಿ ಸಂಗ್ರಹಿಸಿದ್ದಾರೆ. ಆ ಮರಗಳನ್ನು ಕಡಿದು ಬೇರೆ ಬೆಳೆ ಇಟ್ಟಿದ್ದರೆ ಕೇಳುವವರಿರಲಿಲ್ಲ. ತನ್ನ ಕೈಗೆ ಬಂದದ್ದು ಅಮಾನತ್ ಎಂದುಕೊಂಡವನ ಹೊಲ ಹೀಗೂ ಇರಬಹುದು. ನಾವೆಲ್ಲ ಸಾವಿರ ತಳಿ ಕೂಡಿಡಬೇಕಾಗಿಲ್ಲ. ಭತ್ತ ಬಿಡಲು ಆಗದವರು ಕೂರಿಗೆ ಭತ್ತಕ್ಕೆ ಬನ್ನಿ. ಕೆಸರುಗದ್ದೆ ಮಾಡಿ ನಾಟಿ ಹಚ್ಚುವುದಕ್ಕಿಂತ ನೀರು ಉಳಿಯುತ್ತದೆ. ರಾಯಚೂರಿನ ಕೃಷಿ ವಿಶ್ವವಿದ್ಯಾಲಯದವರು ಕಲಿಸಿಕೊಡುತ್ತಾರೆ. ಎರಡನೇ ಬೆಳೆಗೆ ಜೋಳವೋ ಕಡಲೆಯೋ ಹಾಕಿ ನೋಡಿ.

ತಲೆಯ ಕಡೆಯವರು ಇನ್ನೊಂದನ್ನು ನೆನಪಿಡಿ. ನಾವೂ ಯಾರಿಗೋ ಕೊನೆ ಭಾಗದವರೇ. ಅಣೆಕಟ್ಟು ಕಟ್ಟಿದಾಗ ಅದು ಹಿಡಿಯುತ್ತಿದ್ದುದು 133 ಟಿಎಂಸಿ, ಈಗ ಹಿಡಿಯುವುದು ಸುಮಾರು 105. ಉಳಿದ ಜಾಗದಲ್ಲಿ ಮೇಲಿನ ಗುಡ್ಡ, ಹೊಲಗಳಿಂದ ತೊಳೆದು ಬಂದ ಹೂಳು ಕುಳಿತಿದೆ. ಒಡ್ಡು ಹಾಕದ ಯಾರದೋ ಹೊಲದ ಮಣ್ಣೂ ಅದರಲ್ಲಿದೆ. 2024ರ ಆಗಸ್ಟ್‌ನಲ್ಲಿ 19ನೇ ಗೇಟು ಕೊಚ್ಚಿಹೋದಾಗ ಕಣ್ಣೆದುರೇ ನೀರು ಹರಿದು ಹೋಗುವುದನ್ನು ನೋಡಿ ನಾವೆಲ್ಲ ದುಆ ಮಾಡಿದೆವಲ್ಲ, ಕೊನೆ ಭಾಗದವನು ಪ್ರತಿ ವರ್ಷ ಆ ದುಆ ಮಾಡುತ್ತಾನೆ.

ಬರುವ ಭಾನುವಾರ ಫಜ್ರ್ ನಮಾಝಿನ ನಂತರ ನಮ್ಮ ಉಪಕಾಲುವೆಯ ಜೊಂಡು, ಹೂಳು ತೆಗೆಯುವ ಕೆಲಸ ಇದೆ. ನಮ್ಮ ಜಮಾಅತಿನವರಿಗೆ ಮಾತ್ರವಲ್ಲ, ಆ ಕಾಲುವೆಯ ನೀರು ಬಳಸುವ ಎಲ್ಲರಿಗೂ ಹೇಳಿ ಕಳಿಸಿದ್ದೇವೆ. ಸಲಿಕೆ, ಬುಟ್ಟಿ ತನ್ನಿ. ಕೆಲಸ ಕೊನೆಯ ತೂಬಿನಿಂದ ಶುರುವಾಗುತ್ತದೆ. ತಲೆಯ ಕಡೆ ಹೊಲ ಇರುವವರು ದಯವಿಟ್ಟು ಅಲ್ಲಿಗೇ ಬನ್ನಿ, ಆ ತೂಬನ್ನು ನೋಡಿ ಎಷ್ಟೋ ವರ್ಷವಾಗಿರಬಹುದು. ಚಹಾ, ನಾಷ್ಟಾ ಮಸ್ಜಿದ್ ಕಮಿಟಿಯದು.